ಕೆಂಪು ಜಮಖಾನಕ್ಕೆ ಗೋಡೆ ಯಾವ ಬಣ್ಣ?

ಪ್ರಶ್ನೆ: ಮಲಗುವ ಕೋಣೆಯಲ್ಲಿ ನವಲಗುಂದದ ದೊಡ್ಡ ಜಮಖಾನ ಹಾಸಿದ್ದೇವೆ. ಗಾಢ ಕೆಂಪು, ನಡುವೆ ಹಳದಿ, ಹಸಿರು, ನವಿಲಿನ ಚಿತ್ತಾರ. ತೆಗೆಯೋಕೆ ಮನಸ್ಸಿಲ್ಲ. ಗೋಡೆಗೂ ಕೆಂಪೇ ಹೊಡೆಸೋಣವಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ! ಗೋಡೆಯೂ ಕೆಂಪಾದರೆ ಕೋಣೆ ಚಿಕ್ಕದಾಗಿ ಕಾಣುತ್ತದೆ, ಜಮಖಾನವೂ ಕಳೆದುಹೋಗುತ್ತದೆ. ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯ್ದ, ಜಿಐ (ಆ ಊರಿನದ್ದೇ ವಿಶೇಷ ಎಂಬ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕೆಲಸ ಅದು, ಅದೇ ಎದ್ದು ಕಾಣಲಿ. ಗೋಡೆಗೆ ಕೆನೆ ಬಣ್ಣ ಹಾಕಿಸಿ. ಅಚ್ಚ ಬಿಳಿ ಬೇಡ, ಕೆಂಪಿನ ಪಕ್ಕ ಅದು ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಜಮಖಾನದ ಹತ್ತಿರ ಕೂತು ನೋಡಿ, ನವಿಲಿನ ಮೈಯಲ್ಲೋ ಅಂಚಿನಲ್ಲೋ ಸಣ್ಣದಾಗಿ ಹಸಿರು ಬಂದಿರುತ್ತದೆ ಅಲ್ವಾ, ಅದನ್ನೇ ತುಸು ತಿಳಿಯಾಗಿ ಕರ್ಟನ್‌ಗೆ ತನ್ನಿ. ಬೆಡ್‌ಶೀಟ್ ಹೂವಿಲ್ಲದ್ದು, ಒಂದೇ ಬಣ್ಣದ್ದು ಸಾಕು. ದೊಡ್ಡ ಡಬ್ಬಿ ಪೇಂಟ್ ತರುವ ಮುಂಚೆ ಗೋಡೆಯ ಕೆಳಗಡೆ, ಜಮಖಾನಕ್ಕೆ ತಾಗಿದ ಹಾಗೆ 2 ಅಡಿ ಜಾಗಕ್ಕೆ ಬಳಿಸಿ, ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ, ಯಾಕಂದ್ರೆ ಬಿಳಿ ಟ್ಯೂಬ್‌ಲೈಟಿನಲ್ಲಿ ಕೆಂಪು ಮಂಕಾಗುತ್ತದೆ. 2700ರಿಂದ 3000 ಕೆಲ್ವಿನ್ (K) ಎಂದು ಬರೆದಿರುವ, ಅಂದರೆ ತುಸು ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿದರೆ ಅದೇ ಕೆಂಪು ಮೈದುಂಬಿಕೊಳ್ಳುತ್ತದೆ.