ಜೋಲ್ತಾನ್ ಗೆರಾ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಹಂಗೆರಿಯ ಮಿಡ್‌ಫೀಲ್ಡರ್ ಜೋಲ್ತಾನ್ ಗೆರಾ ಅವರ ಆಟದ ಬದುಕು ಹಾಗೂ ನಿವೃತ್ತಿಯ ನಂತರವೂ ಮಾಸದ ಅವರ ಜನಪ್ರಿಯತೆಯ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ವಿಷಯ ನನಗೂ ಪ್ರಿಯವಾದದ್ದು; ಹಾಗಾಗಿ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲೇ ‘ಮಾಂತ್ರಿಕ’ ಎಂಬ ಪದ ಐದು ಸಲ ಬಂದಿದೆ. ಆದರೆ ಅವರು ಚೆಂಡನ್ನು ಒದೆಯುವುದು ಇಡೀ ಲೇಖನದಲ್ಲಿ ಒಮ್ಮೆಯೂ ಕಣ್ಣಿಗೆ ಕಟ್ಟುವುದಿಲ್ಲ. 2016ರ ಯೂರೊ ಕಪ್‌ನಲ್ಲಿ ಪೋರ್ಚುಗಲ್ ವಿರುದ್ಧ ಗಳಿಸಿದ ಗೋಲನ್ನು ‘ಅದ್ಭುತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಫ್ರಾನ್ಸಿನ ಲಿಯೊನ್ ನಗರದಲ್ಲಿ ಜೂನ್ 22ರಂದು, ಪಂದ್ಯದ 19ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡು ಎದುರಾಳಿಯ ತಲೆಗೆ ತಾಗಿ ಹೊರಬಂದಾಗ, ಪೆನಾಲ್ಟಿ ಆವರಣದ ಆಚೆ ನಿಂತಿದ್ದ 37 ವರ್ಷದ ಗೆರಾ ಅದನ್ನು ಎದೆಯ ಮೇಲೆ ತಡೆದು, ಕೆಳಗಿಳಿದ ಚೆಂಡನ್ನು ಎಡಗಾಲಿನಿಂದ ಬಲವಾಗಿ ಒದ್ದು ಗೋಲಿನ ಮೂಲೆ ಸೇರಿಸಿದರು. 1986ರ ವಿಶ್ವಕಪ್ ನಂತರ ಮೂವತ್ತು ವರ್ಷ ಯಾವ ದೊಡ್ಡ ಟೂರ್ನಿಯನ್ನೂ ಪ್ರವೇಶಿಸಲಾಗದೆ ಉಳಿದಿದ್ದ ದೇಶದ ಗೋಲು ಅದು. 3–3ರ ಸಮಬಲದೊಂದಿಗೆ ಹಂಗೆರಿ ತನ್ನ ಗುಂಪಿನಲ್ಲಿ ಅಗ್ರಸ್ಥಾನ ಪಡೆಯಿತು. ಅಭಿಮಾನಿಗಳು ಮತ ಹಾಕಿ ಅದನ್ನೇ ಟೂರ್ನಿಯ ಶ್ರೇಷ್ಠ ಗೋಲೆಂದು ಆರಿಸಿದರು.

ಜನಪ್ರಿಯತೆಗೆ ನೀವು ಕೊಟ್ಟ ಕಾರಣ, ಅವರು ‘ಯುರೋಪಿನ ದೊಡ್ಡ ತಾರೆ’ ಎಂಬುದು, ನನಗೆ ಒಪ್ಪಿಗೆಯಿಲ್ಲ. ಇಂಗ್ಲೆಂಡಿನಲ್ಲಿ ಅವರು ಆಡಿದ್ದು ಪ್ರಶಸ್ತಿಗಾಗಿ ಹೋರಾಡುವ ಕ್ಲಬ್‌ಗಳಿಗಲ್ಲ. 2004–05ರಲ್ಲಿ ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್ ಕ್ರಿಸ್‌ಮಸ್ ಹೊತ್ತಿಗೆ ಪ್ರೀಮಿಯರ್ ಲೀಗ್‌ನ ತಳದಲ್ಲಿತ್ತು, ಕೊನೆಯ ದಿನ ಹೇಗೋ ಕೆಳಗಿನ ದರ್ಜೆಗೆ ಜಾರದೆ ಉಳಿದುಕೊಂಡಿತು. ಆ ತಂಡದಲ್ಲಿ ಗೆರಾ ಇದ್ದರು, ಗೋಲು ಹೊಡೆದಾಗಲೆಲ್ಲ ಲಾಗ ಹಾಕುತ್ತಿದ್ದರು. ತಮ್ಮ ಜೊತೆ ಕಷ್ಟದ ದಿನಗಳನ್ನು ಕಳೆದವರನ್ನು ಇಂಥ ಕ್ಲಬ್‌ಗಳ ಜನ ಬಿಟ್ಟುಕೊಡುವುದಿಲ್ಲ. ನಿಮ್ಮ ಲೇಖನದ ಜೀವಾಳ ಇಲ್ಲಿದೆ, ಆದರೆ ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ.

2010ರಲ್ಲಿ ಗೆರಾ ಆಡುತ್ತಿದ್ದ ಲಂಡನ್ ಕ್ಲಬ್ ಫುಲಮ್, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯೂರೊಪಾ ಲೀಗ್ ಗೆದ್ದಿತೆಂದು ಬರೆದದ್ದು ತಪ್ಪು. ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಎದುರು, ಹೆಚ್ಚುವರಿ ಅವಧಿಯಲ್ಲಿ, 2–1ರಿಂದ ಸೋತಿತು. ಅದೇ ಟೂರ್ನಿಯಲ್ಲಿ ಇಟಲಿಯ ಯುವೆಂಟಸ್ ವಿರುದ್ಧ ಫುಲಮ್ 4–1ರಿಂದ ಗೆದ್ದ ಪಂದ್ಯದ ಪ್ರಸ್ತಾಪವೇ ಇಲ್ಲದಿರುವುದು ಇನ್ನೂ ದೊಡ್ಡ ಕೊರತೆ. ಎರಡು ಪಂದ್ಯಗಳ ಆ ಹಣಾಹಣಿಯ ಮೊದಲ ಪಂದ್ಯವನ್ನು 3–1ರಿಂದ ಸೋತು ಬಂದು, ತವರಿನಲ್ಲಿ ಎರಡನೇ ನಿಮಿಷಕ್ಕೇ ಇನ್ನೊಂದು ಗೋಲು ಬಿಟ್ಟುಕೊಟ್ಟಿದ್ದ ಫುಲಮ್‌ಗೆ ಎರಡು ಗೋಲು ತಂದುಕೊಟ್ಟವರು ಗೆರಾ. ಎಲ್ಲರಿಗೂ ನೆನಪಿರುವುದು ಕೊನೆಯಲ್ಲಿ ಬಂದ, ಸಹ ಆಟಗಾರ ಡೆಂಪ್ಸಿಯ ಗೋಲು. ಅದಕ್ಕೆ ಅರ್ಥ ಬಂದದ್ದು ಗೆರಾ ಅವರಿಂದ.

ಹಂಗೆರಿಯ ಪೇಚ್ ನಗರದ ಹುಡುಗ ಗೆರಾ ಹದಿಹರೆಯದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಗೆ ಸಿಕ್ಕಿಬಿದ್ದು, ದೇವರ ಮೇಲಿನ ನಂಬಿಕೆಯ ಬಲದಿಂದ ಹೊರಬಂದ ಸಂಗತಿಯನ್ನು ಗೌರವದ ಹೆಸರಿನಲ್ಲಿ ಕೈಬಿಟ್ಟಿದ್ದೀರಿ. ಅವರೇ ಬಹಿರಂಗವಾಗಿ ಹೇಳಿಕೊಂಡದ್ದನ್ನು ನಾವು ಮುಚ್ಚಿಡಬೇಕಿಲ್ಲ. ಕನಿಕರ ಸುರಿಸದೆ ನಾಲ್ಕು ಸಾಲಿನಲ್ಲಿ ಬರೆಯಿರಿ.

ಲಿಯೊನ್‌ನಿಂದ ಆರಂಭಿಸಿ ಪೇಚ್‌ಗೆ ಹಿಂತಿರುಗಿ. ಹಂಗೆರಿ ಪರ 97 ಪಂದ್ಯ, 26 ಗೋಲುಗಳ ಲೆಕ್ಕ ಒಂದೇ ವಾಕ್ಯದಲ್ಲಿ ಬಂದರೆ ಸಾಕು. ಹಂಗೆರಿಯ ಹಿಂದಿನ ಮಹಾನ್ ಆಟಗಾರ ಪುಷ್ಕಾಶ್ ಜೊತೆಗಿನ ಹೋಲಿಕೆಯನ್ನು ಪೂರ್ತಿ ತೆಗೆಯಿರಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ