ಹಸಿರು ದೀಪ ನೋಡಬೇಡಿ, ಮೀಟರ್ ಹಿಡಿಯಿರಿ

ಪ್ರಶ್ನೆ: ನಮ್ಮದು ಮಲೆನಾಡಿನ ತೋಟದ ಮನೆ. 150 ವ್ಯಾಟ್ ಸೋಲಾರ್ ಪ್ಯಾನೆಲ್, 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ (ನೀರು ತುಂಬುವ ಸೀಸ-ಆಸಿಡ್) ಬ್ಯಾಟರಿ, ಚಾರ್ಜ್ ನಿಯಂತ್ರಿಸಲು 10 ಆಂಪಿಯರ್ ಪಿಡಬ್ಲ್ಯೂಎಂ (ಸಾದಾ ಬಗೆಯ) ಕಂಟ್ರೋಲರ್ ಇವೆ. ಬೆಳಿಗ್ಗೆ ಹತ್ತೂವರೆಗೇ ‘ಫುಲ್’ ಅಂತ ಹಸಿರು ದೀಪ ಬರುತ್ತದೆ. ರಾತ್ರಿ ಎಂಟಕ್ಕೆ ಕೆಂಪು ದೀಪ ಬಂದು ಲೈಟೆಲ್ಲ ಆಫ್. ಎರಡು ಸಲ ಕಂಟ್ರೋಲರ್ ಬದಲಿಸಿದ್ದಾಯಿತು. ಮೂರನೆಯದು ಯಾವ ಕಂಪನಿಯದು ತರಲಿ?

ಉತ್ತರ: ಯಾವುದನ್ನೂ ತರಬೇಡಿ. ಪ್ರತಿ ಮಳೆಗಾಲ ಮುಗಿಯುತ್ತಲೇ ಇದೇ ಪ್ರಶ್ನೆ ಬರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬ ಮೆಕ್ಯಾನಿಕ್ ವೋಲ್ಟೇಜ್ ಅಳೆಯುವ ಮೀಟರನ್ನೇ ಮುಟ್ಟದೆ ಎರಡು ಡಬ್ಬಿ ಮಾರಿ ಹೋಗಿರುತ್ತಾನೆ.

ಬ್ಯಾಟರಿ ಎಷ್ಟು ತುಂಬಿದೆ ಎಂಬುದು ಕಂಟ್ರೋಲರ್‌ಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ತನ್ನ ಸ್ಕ್ರೂಗಳ ನಡುವಿನ ವೋಲ್ಟೇಜ್ ಮಾತ್ರ. ಅಲ್ಲಿ 14.4ರ ಆಸುಪಾಸು ಬಂದರೆ ಕರೆಂಟ್ ಇಳಿಸಿ ಹಸಿರು ದೀಪ ಹಚ್ಚುತ್ತದೆ, 11ಕ್ಕೆ ಇಳಿದರೆ ಲೋಡ್, ಅಂದರೆ ಲೈಟಿನ ಸಾಲನ್ನು, ಕತ್ತರಿಸುತ್ತದೆ. ಹತ್ತೂವರೆಗೇ 14.4 ಮುಟ್ಟುತ್ತಿದೆಯೆಂದರೆ ನಿಮ್ಮ ಮಟ್ಟಿಗೆ ಶಂಕೆ ಎರಡೇ: ನಡುವಿನ ವಯರು, ಇಲ್ಲವೇ ಬ್ಯಾಟರಿ.

ಮೊದಲು ವಯರು. ಹಸಿರು ದೀಪ ಬರುವುದಕ್ಕೆ ಮುಂಚೆ, ಚಾರ್ಜ್ ಚೆನ್ನಾಗಿ ಹರಿಯುತ್ತಿರುವಾಗಲೇ ಅಳೆಯಬೇಕು. ಆಮೇಲೆ ಕರೆಂಟ್ ಇಳಿದಿರುತ್ತದೆ, ದೋಷ ಅಡಗಿಬಿಡುತ್ತದೆ. ಕಂಟ್ರೋಲರಿನ ಬ್ಯಾಟರಿ ಸ್ಕ್ರೂಗಳ ಮೇಲೆ ಒಂದು ರೀಡಿಂಗ್, ಬ್ಯಾಟರಿಯ ಸೀಸದ ಕಂಬಗಳ ಮೇಲೆ ಇನ್ನೊಂದು. ಲಗ್ (ವಯರಿನ ತುದಿಯ ಲೋಹದ ಕಿವಿ) ಮೇಲಲ್ಲ, ಕಂಬದ ಮೇಲೆಯೇ. ವ್ಯತ್ಯಾಸ 0.2 ವೋಲ್ಟ್ ದಾಟಿದರೆ ಮೀಟರಿನ ಒಂದು ಕಡ್ಡಿಯನ್ನು ಕಂಟ್ರೋಲರಿನ ಪ್ಲಸ್ ಸ್ಕ್ರೂ ಮೇಲಿಟ್ಟು ಇನ್ನೊಂದನ್ನು ಫ್ಯೂಸಿನ ಈಚೆ, ಫ್ಯೂಸಿನ ಆಚೆ, ಲಗ್, ಕಂಬ ಎಂದು ಮುಂದಕ್ಕೆ ಸರಿಸುತ್ತ ಹೋಗಿ. ಎಲ್ಲಿ ಅಂಕಿ ಒಮ್ಮೆಲೇ ಜಿಗಿಯುತ್ತದೋ ಅಲ್ಲೇ ಕಳ್ಳ. ಮೈನಸ್ ಕಡೆಗೂ ಹೀಗೆಯೇ.

1.5 ಚದರ ಮಿಮೀ ವಯರನ್ನು ಐದು ಮೀಟರ್ ಎಳೆದಿದ್ದರೆ, ಹೋಗಿ ಬರುವ ದಾರಿ ಸೇರಿ 8 ಆಂಪಿಯರ್‌ಗೆ ಸುಮಾರು ಒಂದು ವೋಲ್ಟ್ ಅದರಲ್ಲೇ ಹೋಗುತ್ತದೆ. ಕಂಟ್ರೋಲರ್ 14.4 ಕಾಣುವಾಗ ಬ್ಯಾಟರಿಗೆ ಸಿಗುವುದು 13.4. ರಾತ್ರಿ ಇದೇ ವಯರು ತಿರುಗಿ ಹೊಡೆಯುತ್ತದೆ: ಬ್ಯಾಟರಿಯಲ್ಲಿ 11.5 ಇದ್ದರೂ ಕಂಟ್ರೋಲರ್‌ಗೆ 11 ಕಂಡು ಲೋಡ್ ಕಟ್. 6 ಚದರ ಮಿಮೀ ತಾಮ್ರದ ವಯರು ಹಾಕಿ, ಉದ್ದ ಎರಡು ಮೀಟರಿಗೆ ಇಳಿಸಿ. ಲಗ್ ಮೇಲೆ ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಪ್ಯಾನೆಲ್ ಮೊದಲು, ಬ್ಯಾಟರಿ ಕೊನೆಗೆ ಬಿಚ್ಚಿ, ಅಡುಗೆ ಸೋಡಾ ನೀರಿನಿಂದ ತೊಳೆಯಿರಿ. ಒಂದು ಹನಿಯೂ ಸೆಲ್ ಒಳಗೆ ಹೋಗಬಾರದು. ಒರೆಸಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿಮಾಡಿ, ಆಮೇಲಷ್ಟೇ ವ್ಯಾಸಲೀನ್ ಸವರಿ. ಜೋಡಿಸುವಾಗ ಬ್ಯಾಟರಿಯೇ ಮೊದಲು.

ಕಂಟ್ರೋಲರನ್ನು ತಗಡಿನ ಚಾವಣಿಗೆ ತಾಗಿಸಿ ಹೊಡೆದಿದ್ದರೆ ಅದನ್ನೂ ಇಳಿಸಿ. ತಾಪಮಾನ ನೋಡಿ ವೋಲ್ಟೇಜ್ ತಗ್ಗಿಸುವ ಜಾತಿಯದಾದರೆ, ಬಿಸಿಯಾಗಿರುವುದು ಬ್ಯಾಟರಿಯೇ ಎಂದುಕೊಂಡು ಚಾರ್ಜನ್ನು ಬೇಗ ತಡೆಯುತ್ತದೆ.

ವಯರಿನಲ್ಲಿ ತಪ್ಪಿಲ್ಲವೆಂದಾದರೆ ಬ್ಯಾಟರಿ. ಸಂಜೆ ಲೋಡ್ ತೆಗೆದು ರಾತ್ರಿಯಿಡೀ ಬಿಡಿ, ಬಿಸಿಲೇರುವ ಮೊದಲು ಅಳೆಯಿರಿ. 12.5ರ ಆಸುಪಾಸು ಅಂದರೆ ತುಂಬಿದೆ, 12.1ರ ಹತ್ತಿರ ಅಂದರೆ ಸುಮಾರು ಅರ್ಧ. ಆಮೇಲೆ ಆರೂ ಸೆಲ್‌ಗೆ ಹೈಡ್ರೋಮೀಟರ್, ಅಂದರೆ ಆಸಿಡ್‌ನ ಸಾಂದ್ರತೆ (ಗ್ರ್ಯಾವಿಟಿ) ತೋರಿಸುವ ಗಾಜಿನ ನಳಿಕೆ. ನೀರು ಹಾಕಿದ ಕೂಡಲೇ ನೋಡಬೇಡಿ, ಅದಿನ್ನೂ ಬೆರೆತಿರುವುದಿಲ್ಲ. ತುಂಬಿದ ಟ್ಯೂಬ್ಯುಲರ್‌ನಲ್ಲಿ 1.240ರ ಹತ್ತಿರ ಇರಬೇಕು. ಐದು ಸರಿಯಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಹಿಂದಿದ್ದರೆ ಆ ಸೆಲ್ ಹೋಯಿತು. ಆರೂ ಸಮನಾಗಿ 1.180ರಲ್ಲಿ ನಿಂತಿದ್ದರೆ ಮೋಡದ ತಿಂಗಳುಗಳಲ್ಲಿ ಅರೆಹೊಟ್ಟೆಯಲ್ಲಿದ್ದು ಸಲ್ಫೇಟ್ ಕಟ್ಟಿದೆ. ಕಂಟ್ರೋಲರ್, ಲೈಟು ಎಲ್ಲ ಬಿಚ್ಚಿಟ್ಟು, ಕಿಟಕಿ ತೆರೆದು, ಬೆಂಕಿ ದೂರವಿಟ್ಟು, ಬ್ಯಾಟರಿ ಚಾರ್ಜರಿನಲ್ಲಿ 7 ಆಂಪಿಯರ್ ಕೊಡಿ. ವೋಲ್ಟೇಜ್ 16ರ ತನಕ ಏರಬಹುದು. ಗಂಟೆಗೊಮ್ಮೆ ಗ್ರ್ಯಾವಿಟಿ ನೋಡಿ, ಮೂರು ರೀಡಿಂಗ್ ಒಂದೇ ಬಂದರೆ, ಇಲ್ಲವೇ ಆಸಿಡ್ 50 ಡಿಗ್ರಿ ಮುಟ್ಟಿದರೆ ನಿಲ್ಲಿಸಿ. ಗ್ರ್ಯಾವಿಟಿ ಏರಲೇ ಇಲ್ಲವೆಂದರೆ ಹೊಸ ಬ್ಯಾಟರಿಯೇ ಗತಿ. ಸೀಲ್ಡ್ (ಮುಚ್ಚಳ ತೆರೆಯಲಾಗದ) ಬ್ಯಾಟರಿಗೆ ಈ ಚಿಕಿತ್ಸೆ ಬೇಡವೇ ಬೇಡ.

ಪ್ರಶ್ನೆ: ಗ್ರ್ಯಾವಿಟಿ ಇಳಿದಿದೆ, ಆಸಿಡ್ ಹಾಕಲೇ? ಪಟಿಕ ಹಾಕಿದರೆ ಬ್ಯಾಟರಿ ಎದ್ದೇಳುತ್ತದಂತೆ?

ಉತ್ತರ: ಎರಡೂ ಬೇಡ. ಆಸಿಡ್ ಎಲ್ಲೂ ಹೋಗಿಲ್ಲ, ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಕೂತಿದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನು ಸುರಿದರೂ ಹಾಳು. ಪುಡಿ ಮಾರುವವನನ್ನು ಗೇಟಿನಿಂದಲೇ ಕಳಿಸಿ.

ಪ್ರಶ್ನೆ: 700 ರೂಪಾಯಿಯ ಕಂಟ್ರೋಲರ್ ಮೇಲೆ ಎಂಪಿಪಿಟಿ (ಪ್ಯಾನೆಲಿನಿಂದ ಗರಿಷ್ಠ ಶಕ್ತಿ ಎಳೆಯುವ ಬಗೆ) ಎಂದು ಬರೆದಿದೆ, ನಿಜವೇ?

ಉತ್ತರ: ಒಳ್ಳೆಯ ಬಿಸಿಲಿನಲ್ಲಿ, ಬ್ಯಾಟರಿ ಇಳಿದಿರುವಾಗ ಪ್ಯಾನೆಲ್ ಸ್ಕ್ರೂಗಳ ವೋಲ್ಟೇಜ್ ನೋಡಿ. 36 ಸೆಲ್ಲಿನ ಪ್ಯಾನೆಲಿಗೆ 16–18 ಬಂದರೆ ನಿಜ. ಬ್ಯಾಟರಿಯಷ್ಟೇ, 13 ಚಿಲ್ಲರೆ ಬಂದರೆ ನೀವು ಸ್ಟಿಕ್ಕರಿಗೆ ದುಡ್ಡು ಕೊಟ್ಟಿದ್ದೀರಿ.

ಪ್ರಶ್ನೆ: ಕಂಟ್ರೋಲರಿನ ಲೋಡ್ ಪಾಯಿಂಟಿಗೆ ಇನ್ವರ್ಟರ್ ಕೊಡಬಹುದೇ?

ಉತ್ತರ: ಕೂಡದು. 600 ವಿಎ ಇನ್ವರ್ಟರ್ ಪೂರ್ತಿ ಎಳೆದರೆ 40 ಆಂಪಿಯರ್ ದಾಟುತ್ತದೆ, ನಿಮ್ಮ ಪಾಯಿಂಟ್ 10ರದ್ದು. ಬ್ಯಾಟರಿಯಿಂದಲೇ ದಪ್ಪ ವಯರು, ಫ್ಯೂಸ್ ಹಾಕಿ ಎಳೆಯಿರಿ.