ಆರೋಗ್ಯವಾಗಿರುವವರು ಮುನ್ನೆಚ್ಚರಿಕೆಗಾಗಿ ಇಡೀ ದೇಹದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಳ್ಳಬೇಕೆ?

ನೀವು ಕೇಳಿರುವುದು ಇಷ್ಟು: ನಿಮಗೆ 36 ವರ್ಷ, ಯಾವ ತೊಂದರೆಯೂ ಇಲ್ಲ, ನಿಮ್ಮ ತಂದೆಯವರಿಗೆ 61 ವರ್ಷ, ಇಪ್ಪತ್ತೈದು ವರ್ಷ ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದಿ ನಾಲ್ಕು ವರ್ಷಗಳ ಹಿಂದೆ ಬಿಟ್ಟಿದ್ದಾರೆ. ರಿಯಾಯಿತಿ ದರದ ಪ್ಯಾಕೇಜಿನಲ್ಲಿ ಇಬ್ಬರೂ ಇಡೀ ದೇಹದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡರೆ ಕ್ಯಾನ್ಸರಿನಂಥ ಕಾಯಿಲೆಗಳು ಮೊದಲೇ ಪತ್ತೆಯಾಗುತ್ತವೆಯೇ? ಸಿ.ಟಿ. ಚಿತ್ರಗಳನ್ನು ನೋಡಿ ವರದಿ ಬರೆಯುವುದೇ ನನ್ನ ವೃತ್ತಿ. ಆದ್ದರಿಂದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಯಾವ ಸಿ.ಟಿ.ಯೂ ಬೇಡ, ತಂದೆಯವರಿಗೆ ಈ ಪ್ಯಾಕೇಜು ಬೇಡ, ಆದರೆ ಎದೆಯ ಲೋ-ಡೋಸ್ (ಕಡಿಮೆ ವಿಕಿರಣದ) ಸಿ.ಟಿ. ಬಗ್ಗೆ ಶ್ವಾಸಕೋಶ ತಜ್ಞರನ್ನು ಅಗತ್ಯವಾಗಿ ಕೇಳಿ.

ತಂದೆಯವರ ವಿಚಾರದಲ್ಲಿ ಹೀಗೆ ಹೇಳಲು ಗಟ್ಟಿಯಾದ ಆಧಾರವಿದೆ. ಅಮೆರಿಕದಲ್ಲಿ 2002ರಲ್ಲಿ ಆರಂಭವಾಗಿ 2011ರಲ್ಲಿ ಫಲಿತಾಂಶ ಪ್ರಕಟವಾದ ನ್ಯಾಷನಲ್ ಲಂಗ್ ಸ್ಕ್ರೀನಿಂಗ್ ಟ್ರಯಲ್ ಎಂಬ ಅಧ್ಯಯನದಲ್ಲಿ, ಬಹುಕಾಲ ಧೂಮಪಾನ ಮಾಡಿದ್ದ 55ರಿಂದ 74 ವರ್ಷದ 53 ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ವರ್ಷಕ್ಕೊಮ್ಮೆಯಂತೆ ಮೂರು ಬಾರಿ ಒಂದು ಗುಂಪಿನವರಿಗೆ ಲೋ-ಡೋಸ್ ಸಿ.ಟಿ.ಯನ್ನೂ ಇನ್ನೊಂದು ಗುಂಪಿನವರಿಗೆ ಎಕ್ಸ್-ರೇಯನ್ನೂ ಮಾಡಿದರು. ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಾದ ಸಾವು ಶೇ. 20ರಷ್ಟು ಕಡಿಮೆಯಿತ್ತು. ಇಂತಹವರಲ್ಲಿ ಸುಮಾರು 320 ಜನರನ್ನು ಪರೀಕ್ಷಿಸಿದರೆ ಒಂದು ಸಾವು ತಪ್ಪುತ್ತದೆ ಎಂಬುದು ಅದರ ಲೆಕ್ಕ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳ ನೆಲ್ಸನ್ ಅಧ್ಯಯನವೂ 2020ರಲ್ಲಿ ಇದೇ ದಿಕ್ಕಿನ ಫಲಿತಾಂಶ ಕೊಟ್ಟಿತು. ಅಮೆರಿಕದ ತಜ್ಞರ ಕಾರ್ಯಪಡೆಯ 2021ರ ಶಿಫಾರಸಿನಂತೆ, 50ರಿಂದ 80 ವರ್ಷದೊಳಗಿದ್ದು, ಕನಿಷ್ಠ 20 ಪ್ಯಾಕ್-ವರ್ಷ ಸೇದಿರುವ, ಈಗಲೂ ಸೇದುತ್ತಿರುವ ಅಥವಾ ಬಿಟ್ಟು 15 ವರ್ಷ ದಾಟದವರು ಪ್ರತಿವರ್ಷ ಈ ಸ್ಕ್ಯಾನ್ ಮಾಡಿಸಿಕೊಳ್ಳಬಹುದು. ದಿನಕ್ಕೆ ಎಷ್ಟು ಪ್ಯಾಕ್ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿದರೆ ಪ್ಯಾಕ್-ವರ್ಷ ಸಿಗುತ್ತದೆ, ತಂದೆಯವರದು 25. (ಬೀಡಿ ಸೇದುವವರು ಈ ಲೆಕ್ಕದಿಂದ ತಾವು ಹೊರಗೆ ಎಂದುಕೊಳ್ಳಬಾರದು. ಎಲೆಯಲ್ಲಿ ಸುತ್ತಿದ ಮಾತ್ರಕ್ಕೆ ಅದರ ಹೊಗೆ ಸೌಮ್ಯವಾಗುವುದಿಲ್ಲ.)

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಜಾಹೀರಾತುಗಳು ಹೇಳುವುದಿಲ್ಲ. ಸಂಶಯಾಸ್ಪದ ಎಂದು ಗುರುತಿಸಿದ ಸ್ಕ್ಯಾನ್‌ಗಳಲ್ಲಿ ನೂರಕ್ಕೆ 96ರಲ್ಲಿ ಕ್ಯಾನ್ಸರ್ ಇರಲಿಲ್ಲ. ನಮ್ಮ ದೇಶದಲ್ಲಿ ಈ ತೊಡಕು ಇನ್ನೂ ಹೆಚ್ಚು, ಏಕೆಂದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಲ್ಲಿಯೇ ಇದ್ದಾರೆ, ಮತ್ತು ಎಂದೋ ಬಂದು ವಾಸಿಯಾದ ಕ್ಷಯ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಟ್ಟುಹೋದ ಗಂಟು, ಕಲೆಗಳು ಕೆಲವೊಮ್ಮೆ ಕ್ಯಾನ್ಸರಿನಂತೆಯೇ ಕಾಣುತ್ತವೆ. ಒಳಗೆ ಸುಣ್ಣ ಕಟ್ಟಿದ್ದರೆ ಹಳೆಯದೆಂದು ನಿಶ್ಚಿಂತೆಯಿಂದ ಬರೆಯುತ್ತೇವೆ. ಕಟ್ಟಿಲ್ಲದಿದ್ದರೆ ಗಾತ್ರ ಅಳೆದು ಮತ್ತೆ ನೋಡಬೇಕಾಗುತ್ತದೆ. ಮೊದಲ ಸ್ಕ್ಯಾನಿನಲ್ಲಿ 6 ಮಿ.ಮೀ.ಗಿಂತ ಚಿಕ್ಕ ಗಟ್ಟಿ ಗಂಟು ಕಂಡರೆ ಮುಂದಿನ ವರ್ಷದ ಸ್ಕ್ಯಾನಿನವರೆಗೆ ಏನೂ ಮಾಡಬೇಕಾಗಿಲ್ಲ ಎಂಬುದು ಸಾಮಾನ್ಯ ಪದ್ಧತಿ. ಆ ಒಂದು ವರ್ಷ ನೆಮ್ಮದಿಯಿಂದ ಇರಬಲ್ಲಿರಾ ಎಂದು ತಂದೆಯವರನ್ನು ಮೊದಲೇ ಕೇಳಿ.

ಈಗ ನಿಮ್ಮ ವಿಷಯ. ನಿಮ್ಮ ವಯಸ್ಸಿನ, ಲಕ್ಷಣಗಳಿಲ್ಲದ ವ್ಯಕ್ತಿಗೆ ಇಡೀ ದೇಹದ ಸಿ.ಟಿ.ಯಿಂದ ಆಯಸ್ಸು ಹೆಚ್ಚುತ್ತದೆ ಎಂದು ಯಾವ ಅಧ್ಯಯನವೂ ತೋರಿಸಿಲ್ಲ. ಏನಾದರೊಂದು ಕಾಣುವುದಂತೂ ಹೆಚ್ಚುಕಡಿಮೆ ಖಚಿತ: ತಾವಾಗಿಯೇ ಬಂದು ಇಂತಹ ಸ್ಕ್ಯಾನ್ ಮಾಡಿಸಿಕೊಂಡ 1192 ಜನರ ಬಗ್ಗೆ 2005ರಲ್ಲಿ ಅಮೆರಿಕದಿಂದ ಪ್ರಕಟವಾದ ವರದಿಯಲ್ಲಿ ಶೇ. 86ರಷ್ಟು ಜನರಲ್ಲಿ ಒಂದಲ್ಲ ಒಂದು ‘ಅಸಹಜತೆ’ ಕಂಡಿತ್ತು, ಶೇ. 37ರಷ್ಟು ಜನರಿಗೆ ಮುಂದಿನ ತಪಾಸಣೆ ಸೂಚಿಸಲಾಗಿತ್ತು. ನಮ್ಮಲ್ಲಿ ಇದು ಹೇಗೆ ನಡೆಯುತ್ತದೆಂದರೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಒಂದೂವರೆ ಸೆಂಟಿಮೀಟರಿನ ಗಂಟು ಕಾಣುತ್ತದೆ. ಅದು ಬಹುತೇಕ ನಿರಪಾಯಕಾರಿ ಎಂದು ನನಗೆ ಗೊತ್ತು, ಆದರೂ ವರದಿಯಲ್ಲಿ ಬರೆಯದೆ ಇರಲಾರೆ. ವರದಿ ವೈದ್ಯರಿಗಿಂತ ಮೊದಲು ಮನೆಯವರ ವಾಟ್ಸಾಪಿಗೆ ತಲುಪುತ್ತದೆ. ಮರುದಿನ ಎಂಡೋಕ್ರೈನ್ (ಹಾರ್ಮೋನ್) ತಜ್ಞರು. ಆಮೇಲೆ ಆ ಗ್ರಂಥಿ ಹಾರ್ಮೋನನ್ನು ಅತಿಯಾಗಿ ಸುರಿಸುತ್ತಿದೆಯೇ ಎಂದು ತಿಳಿಯಲು ರಾತ್ರಿ ಹನ್ನೊಂದಕ್ಕೆ ಡೆಕ್ಸಾಮೆಥಸೋನ್ ಮಾತ್ರೆ ನುಂಗಿ ಬೆಳಗ್ಗೆ ಎಂಟಕ್ಕೆ ರಕ್ತ ಕೊಡುವ ಪರೀಕ್ಷೆ. ಸಂಶಯ ಉಳಿದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧ) ಕೊಟ್ಟು ಇನ್ನೊಂದು ಸಿ.ಟಿ. ಎಲ್ಲ ಮುಗಿದ ಮೇಲೆ ಬರುವ ಉತ್ತರ ‘ಏನೂ ಇಲ್ಲ’. ರಿಯಾಯಿತಿಯಲ್ಲಿ ಉಳಿದ ಹಣದ ಹಲವು ಪಟ್ಟು ಅಷ್ಟರಲ್ಲಿ ಖರ್ಚಾಗಿರುತ್ತದೆ.

ವಿಕಿರಣದ ಬಗ್ಗೆಯೂ ಕೇಳಿದ್ದೀರಿ. ದೇಹಕ್ಕೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಎದೆಯ ಎಕ್ಸ್-ರೇ ಒಂದಕ್ಕೆ ಸುಮಾರು 0.1 ಮಿಲಿಸೀವರ್ಟ್, ಲೋ-ಡೋಸ್ ಎದೆ ಸಿ.ಟಿ.ಗೆ ಸುಮಾರು 1.5, ಇಡೀ ದೇಹದ ಸಿ.ಟಿ.ಗೆ 10 ಅಥವಾ ಅದಕ್ಕೂ ಹೆಚ್ಚು. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ತಗಲುವ ಜಾಗತಿಕ ಸರಾಸರಿ 2.4. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಂದಾಜಿನಂತೆ, 10 ಮಿಲಿಸೀವರ್ಟ್‌ನಿಂದ ಮಾರಕ ಕ್ಯಾನ್ಸರ್ ಉಂಟಾಗುವ ಹೆಚ್ಚುವರಿ ಸಾಧ್ಯತೆ ಸುಮಾರು ಎರಡು ಸಾವಿರದಲ್ಲಿ ಒಂದು. ಕಾಯಿಲೆ ಇದ್ದು ಸ್ಕ್ಯಾನ್ ಬೇಕಾದಾಗ ಇದು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ. ಪ್ರಯೋಜನವೇ ಸಾಬೀತಾಗದ ಕಡೆ ಏಕೆ ತೆಗೆದುಕೊಳ್ಳಬೇಕು? ಸ್ಕ್ಯಾನ್ ಚಿತ್ರಗಳ ಜೊತೆ ಸಾಮಾನ್ಯವಾಗಿ ಡೋಸ್ ರಿಪೋರ್ಟ್ ಎಂಬ ಒಂದು ಪುಟವಿರುತ್ತದೆ. ಅದರಲ್ಲಿ ಡಿ.ಎಲ್.ಪಿ. (ಆ ಸ್ಕ್ಯಾನಿಗೆ ಯಂತ್ರ ಬಳಸಿದ ವಿಕಿರಣದ ಅಳತೆ) ಎಂದಿರುವ ಒಟ್ಟು ಸಂಖ್ಯೆಯನ್ನು 0.015ರಿಂದ ಗುಣಿಸಿದರೆ ಎದೆ-ಹೊಟ್ಟೆಯ ಸ್ಕ್ಯಾನಿಗೆ ಸ್ಥೂಲವಾಗಿ ಎಷ್ಟು ಮಿಲಿಸೀವರ್ಟ್ ಎಂಬುದು ಸಿಗುತ್ತದೆ. ಲೋ-ಡೋಸ್ ಎಂದು ಹೇಳಿ ಮಾಡಿದ ಸ್ಕ್ಯಾನಿನಲ್ಲಿ ಡಿ.ಎಲ್.ಪಿ. 400 ಇದ್ದರೆ, ಮಾಮೂಲು ಸ್ಕ್ಯಾನನ್ನೇ ಮಾಡಿದ್ದಾರೆ ಎಂದು ತಿಳಿಯಿರಿ.

‘ಇಡೀ ದೇಹ’ ಎಂಬ ಹೆಸರನ್ನೂ ನಂಬಬೇಡಿ. ಭಾರತದಲ್ಲಿ ಹೆಚ್ಚಾಗಿ ಕಾಣುವ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ಆರಂಭದ ಹಂತ ಸಿ.ಟಿ.ಯ ಕಣ್ಣಿಗೆ ಬೀಳುವುದಿಲ್ಲವೆಂದೇ ಹೇಳಬೇಕು. ಬಿ.ಪಿ., ಸಕ್ಕರೆ ಕಾಯಿಲೆಗಳ ಮಾತಂತೂ ದೂರವೇ ಉಳಿಯಿತು. 30 ದಾಟಿದವರಿಗೆ ಬಿ.ಪಿ., ಸಕ್ಕರೆ ಹಾಗೂ ಈ ಮೂರು ಕ್ಯಾನ್ಸರುಗಳ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಮಾಡಿಸಿಕೊಳ್ಳಿ. ಪ್ಯಾಕೇಜಿನಲ್ಲಿರುವ ಹೃದಯದ ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳಗಳಲ್ಲಿ ಎಷ್ಟು ಸುಣ್ಣ ಕಟ್ಟಿದೆ ಎಂಬ ಅಳತೆ) ಬೇರೆ ಮಾತು: ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಅನುಮಾನ ವೈದ್ಯರಿಗೇ ಇದ್ದಾಗ ಅದು ಉಪಯುಕ್ತ, 36ರ ವಯಸ್ಸಿನಲ್ಲಿ ಸಾಮಾನ್ಯವಾಗಿ ಸೊನ್ನೆಯೇ ಬರುತ್ತದೆ.

ತಂದೆಯವರಿಗೆ ಕೆಮ್ಮಿನಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಧ್ವನಿ ಒಡೆಯುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಸ್ಕ್ರೀನಿಂಗ್ ಮಾತನ್ನು ಬಿಟ್ಟು ನೇರವಾಗಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ, ಕಾಂಟ್ರಾಸ್ಟ್ ಇಲ್ಲದ ಲೋ-ಡೋಸ್ ಎದೆ ಸಿ.ಟಿ. ಎಂದು ವೈದ್ಯರಿಂದ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಒಂದು ವರ್ಷ ಮಾಡಿಸಿ ಬಿಟ್ಟರೆ ಪ್ರಯೋಜನ ಕಡಿಮೆ ಎಂಬುದೂ ನೆನಪಿರಲಿ. ಫಿಲ್ಮಿನ ಜೊತೆ ಕೊಡುವ ಸಿ.ಡಿ.ಯನ್ನು ಜೋಪಾನವಾಗಿಟ್ಟು ಮುಂದಿನ ಸಲ ತೆಗೆದುಕೊಂಡು ಹೋಗಿ. ಗಟ್ಟಿ ಗಂಟು ಎರಡು ವರ್ಷ ಬೆಳೆದಿಲ್ಲವೆಂದು ಹಳೆಯ ಚಿತ್ರ ತೋರಿಸಿದರೆ, ಸೂಜಿ ಚುಚ್ಚಿ ಬಯಾಪ್ಸಿ ಮಾಡುವ ಪ್ರಸಂಗವೇ ಸಾಮಾನ್ಯವಾಗಿ ಬರುವುದಿಲ್ಲ.